ಛತ್ರದವನ ಆರೈಕೆ: ಬೆಂಬಲಿತ ವಸತಿಗಳಲ್ಲಿ ಮುಂಚೂಣಿ ಸಿಬ್ಬಂದಿಯ ಮುಂದಾಳತ್ವ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ಕುರಿತ ಪ್ರಸಂಗಗಳಿಗೆ ನಮ್ಮ ಸಭೆಗಳಲ್ಲಿ ಕೊರತೆಯಿಲ್ಲ. ಯಾಜಕ, ಲೇವಿಯ, ಸಮಾರ್ಯದವನು, ದಾರಿಯಲ್ಲಿ ಬಿದ್ದಿದ್ದ ಗಾಯಾಳು, ಈ ನಾಲ್ವರ ಸುತ್ತಲೇ ವ್ಯಾಖ್ಯಾನವೆಲ್ಲ ನಡೆಯುತ್ತದೆ. ಐದನೆಯವನೊಬ್ಬನಿದ್ದಾನೆ ಎಂಬುದು ಎಷ್ಟೋ ಪ್ರಸಂಗಿಗಳ ನೆನಪಿಗೇ ಬರುವುದಿಲ್ಲ. ಅವನು ಛತ್ರದವನು. ಸಮಾರ್ಯದವನು ಒಂದು ರಾತ್ರಿ ಆರೈಕೆ ಮಾಡಿ ಮರುದಿನ ತನ್ನ ಪ್ರಯಾಣವನ್ನು ಮುಂದುವರಿಸಿದನು. ಉಳಿದ ರಾತ್ರಿಗಳೆಲ್ಲ ಛತ್ರದವನ ಪಾಲಿಗೆ ಬಂದವು.

ಮೂಲ ಗ್ರೀಕಿನಲ್ಲಿ ಅವನಿಗಿರುವ ಹೆಸರು ‘ಪಾಂಡೊಖೆಯುಸ್’. ಎಲ್ಲರನ್ನೂ ಬರಮಾಡಿಕೊಳ್ಳುವವನು ಎಂಬುದು ಅದರ ಧಾತ್ವರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದವು ಇನ್ನೆಲ್ಲಿಯೂ ಬರುವುದಿಲ್ಲ. ಮರಿಯಳಿಗೂ ಯೋಸೇಫನಿಗೂ ಸ್ಥಳ ಸಿಕ್ಕದ ಛತ್ರಕ್ಕೆ ಲೂಕನು ಬಳಸಿರುವ ಪದವೇ ಬೇರೆ. ಇನ್ನೂ ಒಂದು ಸಂಗತಿ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾಗಿದೆ. ಆರೈಕೆಗೆ ಇಲ್ಲಿ ಬಳಕೆಯಾಗಿರುವ ‘ಎಪಿಮೆಲೆಯೊಮಾಯ್’ ಎಂಬ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಮೂರೇ ಬಾರಿ ಕಾಣಿಸುತ್ತದೆ. ಸಮಾರ್ಯದವನು ತಾನೇ ಮಾಡಿದ ಆರೈಕೆಗೆ ಒಮ್ಮೆ, ಛತ್ರದವನಿಗೆ ಒಪ್ಪಿಸಿದ ಆರೈಕೆಗೆ ಮತ್ತೊಮ್ಮೆ. ಮೂರನೆಯದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ, ಸಭಾಧ್ಯಕ್ಷನು ದೇವರ ಸಭೆಯನ್ನು ನೋಡಿಕೊಳ್ಳಬೇಕಾದ ರೀತಿಗೆ. ಛತ್ರದ ಕೆಲಸಕ್ಕೂ ಸಭೆಯ ಕೆಲಸಕ್ಕೂ ಒಂದೇ ಮಾತು ಸಲ್ಲುತ್ತದೆ. ಹಾಗಿದ್ದರೂ ಛತ್ರದವನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಸೇವಾಶಾಸ್ತ್ರವು ವಿರಳವಾಗಿ ಕೇಳಿದೆ. ಬೀದಿಯ ಬಾಳಿನಿಂದ ಮನೆಗೆ ಬಂದವರ ನಡುವೆ ಹಗಲಿರುಳು ದುಡಿಯುವ ಸಿಬ್ಬಂದಿಯನ್ನೂ ಅವರನ್ನು ಮುನ್ನಡೆಸುವವರ ಹೊಣೆಯನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಬೆಂಬಲಿತ ವಸತಿಯನ್ನು ರಾತ್ರಿ ತಂಗುದಾಣದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ತಂಗುದಾಣದಲ್ಲಿ ಸಿಗುವುದು ಹಾಸಿಗೆ. ಇಲ್ಲಿ ಸಿಗುವುದು ಮನೆ. ನಿವಾಸಿಯ ಹೆಸರಿನಲ್ಲಿ ಬಾಡಿಗೆ ಕರಾರು ಇರುತ್ತದೆ, ಕೈಯಲ್ಲಿ ಬೀಗದ ಕೈ ಇರುತ್ತದೆ, ಅವಧಿಗೆ ಮಿತಿಯಿರುವುದಿಲ್ಲ. ನೆರವಾಗಲು ಸಿಬ್ಬಂದಿ ಅದೇ ಕಟ್ಟಡದಲ್ಲಿ ಅಥವಾ ಸಮೀಪದಲ್ಲಿ ಇರುತ್ತಾರೆ. ಅಮೆರಿಕದ ಮನೋರೋಗ ಆಸ್ಪತ್ರೆಗಳಿಂದ ಸಾವಿರಾರು ಮಂದಿ ಹೊರಬಂದು ಬೀದಿಪಾಲಾದ ಕಾಲದಲ್ಲಿ, 1980ರಲ್ಲಿ, ಫ್ರಾನ್ಸಿಸ್ಕನ್ ಸಹೋದರರು ನ್ಯೂಯಾರ್ಕಿನಲ್ಲಿ ಒಂದು ಹಳೆಯ ಹೋಟೆಲನ್ನು ಇಂಥ ನಿವಾಸವನ್ನಾಗಿ ಮಾರ್ಪಡಿಸಿದ್ದು ಈ ಪದ್ಧತಿಯ ಮೊದಲ ಪ್ರಯೋಗಗಳಲ್ಲೊಂದು. 1992ರಲ್ಲಿ ಅದೇ ನಗರದಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಮತ್ತೊಂದು ಹೆಜ್ಜೆ ಮುಂದಿಟ್ಟರು. ಕುಡಿತ ಬಿಟ್ಟ ಮೇಲೆ, ಚಿಕಿತ್ಸೆಗೆ ಒಪ್ಪಿದ ಮೇಲೆ ಮನೆ ಎಂಬ ಕ್ರಮವನ್ನು ತಿರುಗಿಸಿ, ಮೊದಲು ಮನೆ, ಮಿಕ್ಕದ್ದು ಆಮೇಲೆ ಎಂದರು. ಕೃಪೆಯು ಯೋಗ್ಯತೆಗೆ ಮುಂಚೆ ಬರುತ್ತದೆ ಎಂದು ಬೋಧಿಸುವ ನಮಗೆ ಈ ಕ್ರಮ ವಿಚಿತ್ರವಾಗಿ ಕಾಣಬಾರದು, ಆದರೂ ಕಾಣುತ್ತದೆ.

ಫಿನ್ಲೆಂಡ್ ದೇಶವು 2008ರಿಂದ ಇದನ್ನೇ ರಾಷ್ಟ್ರೀಯ ನೀತಿಯಾಗಿ ಕೈಗೊಂಡಿತು. ಹೆಲ್ಸಿಂಕಿಯಲ್ಲಿ ಸಾಲ್ವೇಶನ್ ಆರ್ಮಿಯು ನಡೆಸುತ್ತಿದ್ದ ದೊಡ್ಡ ತಂಗುದಾಣವನ್ನು ಎಂಬತ್ತರಷ್ಟು ಸ್ವತಂತ್ರ ಮನೆಗಳನ್ನಾಗಿ ಪರಿವರ್ತಿಸಲಾಯಿತು. ಗೋಡೆಗಳನ್ನು ಬದಲಿಸುವುದು ಸುಲಭ. ನೆನ್ನೆಯವರೆಗೆ ಬಾಗಿಲು ಕಾಯುತ್ತಿದ್ದ, ಬಾಟಲಿ ಕಸಿಯುತ್ತಿದ್ದ, ದೀಪ ಆರಿಸುವ ಹೊತ್ತನ್ನು ಗೊತ್ತುಪಡಿಸುತ್ತಿದ್ದ ಕೆಲಸಗಾರನು ಇಂದು ಬಾಗಿಲು ತಟ್ಟಿ, ಒಳಗಿನವರು ಬೇಡವೆಂದರೆ ಹಿಂದಿರುಗಬೇಕು. ಅವನು ಈಗ ನಿಂತಿರುವುದು ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ. ಅವನ ಅಧಿಕಾರವೆಲ್ಲ ಕಳಚಿಬಿದ್ದು ಹೊಣೆ ಮಾತ್ರ ಉಳಿದಂತಾಗುತ್ತದೆ. ಈ ಸ್ಥಿತ್ಯಂತರದಲ್ಲಿ ಅವನನ್ನು ಒಂಟಿಯಾಗಿ ಬಿಟ್ಟರೆ, ಹಳೆಯ ಕಾವಲುಗಾರನು ಹೊಸ ಹೆಸರಿನಲ್ಲಿ ಮರಳಿ ಬರುತ್ತಾನೆ.

ಕೆನಡಾ ದೇಶವು 2009ರಿಂದ 2013ರವರೆಗೆ ಐದು ನಗರಗಳಲ್ಲಿ ಸುಮಾರು ಎರಡು ಸಾವಿರ ಮಂದಿಯನ್ನು ಒಳಗೊಂಡು ನಡೆಸಿದ ಅಧ್ಯಯನದ ಫಲಿತಾಂಶವನ್ನು ಇಲ್ಲಿ ಎಚ್ಚರಿಕೆಯಿಂದ ಓದಬೇಕು. ಮೊದಲೇ ಮನೆ ಪಡೆದವರು ಮನೆಯಲ್ಲಿ ನೆಲೆನಿಂತರು. ಸಾಮಾನ್ಯ ಸೇವೆಗಳನ್ನಷ್ಟೇ ಪಡೆದವರಿಗಿಂತ ಅವರ ವಸತಿ ಬಹಳ ಸ್ಥಿರವಾಗಿತ್ತು. ಆದರೆ ಮಾನಸಿಕ ರೋಗಲಕ್ಷಣಗಳಲ್ಲಿಯೂ ಮಾದಕವಸ್ತುಗಳ ಬಳಕೆಯಲ್ಲಿಯೂ ಎರಡು ಗುಂಪುಗಳ ನಡುವೆ ಅಂಥ ದೊಡ್ಡ ಅಂತರವೇನೂ ಕಾಣಲಿಲ್ಲ. ಮನೆ ಮನೆಯನ್ನು ಕೊಡುತ್ತದೆ. ಮಿಕ್ಕೆಲ್ಲವನ್ನೂ ತಾನಾಗಿ ಕೊಡುವುದಿಲ್ಲ. ಅಂದರೆ ಸಿಬ್ಬಂದಿಯು ವಾಸಿಯಾಗದವರ ಜೊತೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಸಾಕ್ಷಿಕೂಟಗಳಲ್ಲಿ ಹೇಳುವಂಥ ಹಠಾತ್ ಪರಿವರ್ತನೆಗಾಗಿ ಕಾಯುವ ಕಾರ್ಯಕರ್ತನು ಬೇಗನೆ ಬಳಲಿ, ಬಳಿಕ ನಿವಾಸಿಯನ್ನೇ ದೂರತೊಡಗುತ್ತಾನೆ. ಮುಂದಾಳುವು ಮೊದಲ ವಾರದಲ್ಲಿಯೇ ಈ ನಿರೀಕ್ಷೆಯನ್ನು ತಿದ್ದಬೇಕು. ಇಂದು ರಾತ್ರಿಯೂ ಅವರು ಮನೆಯಲ್ಲಿ ಮಲಗಿದರು ಎಂಬುದು ಫಲವೇ ಎಂದು ಹೇಳಿಕೊಡಬೇಕು.

ಬಳಲಿದ ಸಿಬ್ಬಂದಿ ಹೇಗೆ ಅಡಗಿಕೊಳ್ಳುತ್ತಾರೆ ಎಂಬುದನ್ನು ಇಸಬೆಲ್ ಮೆಂಜೀಸ್ ಅವರು 1960ರಲ್ಲಿ ಪ್ರಕಟಿಸಿದ, ಲಂಡನ್ನಿನ ಆಸ್ಪತ್ರೆಯೊಂದರ ದಾದಿಯರ ಕುರಿತ ಅಧ್ಯಯನವು ತೋರಿಸಿಕೊಟ್ಟಿತು. ರೋಗಿಯ ಸಂಕಟವು ಹುಟ್ಟಿಸುವ ಕಳವಳವನ್ನು ತಾಳಲು ಸಂಸ್ಥೆಯೇ ಉಪಾಯಗಳನ್ನು ಕಟ್ಟಿಕೊಂಡಿತ್ತು: ಆರೈಕೆಯನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುವುದು, ರೋಗಿಯನ್ನು ಹೆಸರಿನ ಬದಲು ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಕರೆಯುವುದು, ತೀರ್ಮಾನವನ್ನು ಮೇಲಿನವರಿಗೆ ತಳ್ಳುವುದು. ಕಳವಳ ಕಡಿಮೆಯಾಗಲಿಲ್ಲ, ಒಳ್ಳೆಯ ದಾದಿಯರು ಕೆಲಸ ಬಿಟ್ಟರು. ಬೆಂಬಲಿತ ವಸತಿಗಳಲ್ಲಿ ಈ ಅಡಗುದಾಣವು ಸಾಮಾನ್ಯವಾಗಿ ಪಾಳಿಯ ದಾಖಲೆ ಪುಸ್ತಕ. “ಹಠಮಾರಿ”, “ಸಹಕರಿಸಲಿಲ್ಲ”, “ಮಾತ್ರೆ ನಿರಾಕರಿಸಿದರು” ಎಂಬ ಮಾತುಗಳು ಸಾಲುಸಾಲಾಗಿ ಬರತೊಡಗಿದರೆ ಅದು ನಿವಾಸಿಗಿಂತ ಹೆಚ್ಚಾಗಿ ಬರೆದವರ ಆಯಾಸದ ದಾಖಲೆ. ಮುಂದಾಳುವು ಆ ಪುಸ್ತಕವನ್ನು ದಿನವೂ ಓದಬೇಕು, ತಪ್ಪು ಹಿಡಿಯಲಿಕ್ಕಲ್ಲ. ಅವರು ಮಾತ್ರೆ ಬೇಡವೆಂದಾಗ ಏನು ಹೇಳಿದರು, ಆಗ ನಿಮಗೆ ಹೇಗಾಯಿತು ಎಂದು ಬರೆದವರನ್ನು ಕೇಳಲು.

ಸಮಾರ್ಯದವನ ಕಡೆಗೆ ಮರಳೋಣ. ಅವನು ಮೊದಲು ಮಾಡಿದ ಕೆಲಸ ಹಣ ಕೊಟ್ಟದ್ದು. ಎರಡು ದಿನಾರಿಯೆಂದರೆ ಎರಡು ದಿನಗಳ ಕೂಲಿ. ಛತ್ರದವನ ಕರುಣೆಯನ್ನು ಹೊಗಳಿ, ಪ್ರತಿಫಲವು ಪರಲೋಕದಲ್ಲಿದೆ ಎಂದು ಹೇಳಿ ಅವನು ಹೊರಡಲಿಲ್ಲ. ಸೇವೆಯು ಕರೆಯೆಂಬ ಮಾತನ್ನು ಕಡಿಮೆ ಸಂಬಳಕ್ಕೆ ಸಮರ್ಥನೆಯಾಗಿ ಬಳಸುವ ಸಂಸ್ಥೆಗಳು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು, ತಡೆಹಿಡಿದ ಕೂಲಿಯು ಕೂಗಿಕೊಳ್ಳುವ ಆ ಭಾಗವನ್ನು, ಒಮ್ಮೆ ಓದಬೇಕು. ತಾನೇ ಮುಂದಿನ ತಿಂಗಳ ಬಾಡಿಗೆಗೆ ಹೆದರುತ್ತಿರುವವನು ಇನ್ನೊಬ್ಬರ ಬಾಡಿಗೆಯನ್ನು ಕಾಪಾಡಬೇಕೆಂದು ನಿರೀಕ್ಷಿಸುವುದು ಕ್ರೂರತನ. ಸುರಕ್ಷತೆಯ ವಿಷಯವೂ ಹೀಗೆಯೇ. ರಾತ್ರಿಪಾಳಿಯಲ್ಲಿ ಒಬ್ಬಳೇ ಮಹಿಳೆಯನ್ನು ಇರಿಸಿ, ಹಲ್ಲೆ ನಡೆದ ಮೇಲೆ ಶಿಲುಬೆಯನ್ನು ಹೊರಬೇಕೆಂದು ಉಪದೇಶಿಸುವುದು ಶಿಲುಬೆಯ ದುರ್ಬಳಕೆ. ಇಬ್ಬರು ಸಿಬ್ಬಂದಿ, ಕರೆದರೆ ಬರುವ ಮೇಲಾಧಿಕಾರಿ, ಯಾವ ಸಂದರ್ಭದಲ್ಲಿ ಕೋಣೆಯಿಂದ ಹೊರಬರಬೇಕೆಂಬ ತಿಳಿವಳಿಕೆ, ಇವೆಲ್ಲ ಆ ಎರಡು ದಿನಾರಿಯ ಲೆಕ್ಕಕ್ಕೆ ಸೇರಿದವು.

ಇನ್ನು, ಹೆಚ್ಚು ಖರ್ಚಾದರೆ ತಾನು ಕೊಡುವೆನೆಂಬ ಮಾತು. ಹೆಚ್ಚು ಎಂದರೆ ಎಷ್ಟೆಂದು ನಿರ್ಣಯಿಸುವ ಅಧಿಕಾರವನ್ನು ಅವನು ಛತ್ರದವನಿಗೇ ಬಿಟ್ಟನು. ಆಡಳಿತ ಮಂಡಳಿಗಳಿಗೆ ಇದು ಎಲ್ಲಕ್ಕಿಂತ ಕಷ್ಟದ ಭಾಗ. ಚಳಿಯ ರಾತ್ರಿ ಎರಡು ಗಂಟೆಗೆ ನಿವಾಸಿಯೊಬ್ಬನು ಬೀದಿಯ ಹಳೆಯ ಗೆಳೆಯನನ್ನು ಕರೆದುಕೊಂಡು ಬಾಗಿಲಿಗೆ ಬಂದನೆಂದು ಭಾವಿಸೋಣ. ರಾತ್ರಿ ಅತಿಥಿಗಳಿಗೆ ಪ್ರವೇಶವಿಲ್ಲವೆಂಬುದು ನಿಯಮ. ಗೆಳೆಯನನ್ನು ಹಿಂದಕ್ಕೆ ಕಳುಹಿಸಿದರೆ ಅವನು ಚಳಿಗೆ ಸಾಯಬಹುದು. ಒಳಗೆ ಬಿಟ್ಟರೆ ನಿವಾಸಿಯ ಮನೆಯನ್ನೇ ಅವನು ವಶಪಡಿಸಿಕೊಳ್ಳಬಹುದು, ಅದೂ ಅಪರೂಪವಲ್ಲ. ಕಾರ್ಯಕರ್ತೆಯು ಅವನನ್ನು ಬೆಳಗಿನವರೆಗೆ ಕೆಳಗಿನ ಹಜಾರದಲ್ಲಿ ಕೂರಿಸಿ ಚಹಾ ಕೊಟ್ಟಳೆನ್ನೋಣ. ಬೆಳಿಗ್ಗೆ ಮುಂದಾಳುವಿನ ಮೊದಲ ಮಾತು ನಿಯಮ ಮುರಿದದ್ದೇಕೆ ಎಂದಾದರೆ, ಅವಳು ಮುಂದೆಂದೂ ವಿವೇಚನೆಯನ್ನು ಬಳಸಲಾರಳು. ನಿಯಮದ ಹಿಂದೆ ನಿಲ್ಲುವುದನ್ನು ಕಲಿತಿರುತ್ತಾಳೆ. ಮೊದಲು ಅವಳ ಜೊತೆ ನಿಲ್ಲಬೇಕು, ಆಮೇಲೆ ಅವಳೊಡನೆ ಕುಳಿತು ನಿಯಮವನ್ನು ಪರಿಶೀಲಿಸಬೇಕು. ಹಾಗೆಂದು ಎಲ್ಲವನ್ನೂ ಅವಳ ತಲೆಗೆ ಕಟ್ಟುವುದೂ ಸಲ್ಲದು. ನಿವಾಸಿಯನ್ನು ಮನೆಯಿಂದ ಹೊರಹಾಕುವಂಥ ತೀರ್ಮಾನವು ಪಾಳಿಯಲ್ಲಿರುವವರದಾಗಿರಲೇಬಾರದು. ಅದರ ಭಾರವನ್ನು ಮುಂದಾಳುವೇ ಹೊರಬೇಕು.

ಕೊನೆಯದು, ಹಿಂದಿರುಗಿ ಬರುವೆನೆಂಬ ವಾಗ್ದಾನ. ‘ಮೇಲ್ವಿಚಾರಣೆ’ ಎಂಬ ನಮ್ಮ ಪದಕ್ಕೆ ಪೊಲೀಸು ಠಾಣೆಯ ವಾಸನೆ ಅಂಟಿಕೊಂಡಿದೆ. ಆದರೆ ಊರಿನ ಹಿರಿಯರು ಯೋಗಕ್ಷೇಮ ವಿಚಾರಿಸಲು ಬರುತ್ತಾರೆ ಎನ್ನುವಾಗಲೂ ನಾವು ಅದೇ ಧಾತುವನ್ನು ಬಳಸುತ್ತೇವೆ. ಗ್ರೀಕಿನಲ್ಲಿಯೂ ಸಭಾಧ್ಯಕ್ಷನನ್ನು ಸೂಚಿಸುವ ‘ಎಪಿಸ್ಕೊಪೊಸ್’ ಮತ್ತು ಮತ್ತಾಯ 25ರಲ್ಲಿ ರೋಗಿಯನ್ನು ನೋಡಲು ಬರುವುದನ್ನು ಹೇಳುವ ಕ್ರಿಯಾಪದ ಒಂದೇ ಮೂಲದವು. ಆದುದರಿಂದ ಎರಡು ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬ ಕಾರ್ಯಕರ್ತರೊಡನೆ ಒಂದು ಗಂಟೆ, ಅಡಚಣೆಯಿಲ್ಲದೆ, ಕುಳಿತುಕೊಳ್ಳುವುದು ಮುಂದಾಳುವಿನ ಮುಖ್ಯ ಕರ್ತವ್ಯ. ತುರ್ತು ಕೆಲಸ ಬಂತೆಂದು ಮೊದಲು ರದ್ದಾಗುವುದು ಈ ಗಂಟೆಯೇ.

ನಿವಾಸಿಯ ಮರಣವಾದಾಗ ಈ ಕರ್ತವ್ಯದ ನಿಜವಾದ ಪರೀಕ್ಷೆ ನಡೆಯುತ್ತದೆ. 2016ರಲ್ಲಿ ಮಾದಕವಸ್ತುಗಳ ವಿಷಪರಿಣಾಮದ ಸಾವುಗಳಿಗಾಗಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇಂಥ ವಸತಿಗಳ ಸಿಬ್ಬಂದಿಗೆ ನಲೊಕ್ಸೋನ್ ಔಷಧವನ್ನು ಕೊಟ್ಟು ಉಸಿರು ಮರಳಿಸುವುದು ಪಾಳಿಯ ಕೆಲಸಗಳಲ್ಲೊಂದಾಯಿತು; ಮರಳದಿದ್ದಾಗ ಶವವನ್ನು ಮೊದಲು ಕಾಣುವವರೂ ಅವರೇ. ಆ ದಿನವೇ ಎಲ್ಲರನ್ನೂ ಕೂಡಿಸಿ, ಕಂಡದ್ದನ್ನು ಕಡ್ಡಾಯವಾಗಿ ವರ್ಣಿಸಲು ಹೇಳುವ ಒಂದೇ ಸಭೆಯಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಸಂಶೋಧನೆಗಳ ವಿಮರ್ಶೆಗಳು ತಿಳಿಸುತ್ತವೆ. ಅರಸುಗಳು ಮೊದಲನೆಯ ಭಾಗದ 19ನೆಯ ಅಧ್ಯಾಯ ಇಲ್ಲಿ ಉತ್ತಮ ಮಾರ್ಗದರ್ಶಿ. ಸಾಯಲು ಬಯಸಿದ ಎಲೀಯನಿಗೆ ದೂತನು ಪ್ರಶ್ನೆ ಕೇಳಲಿಲ್ಲ. ರೊಟ್ಟಿ ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಊಟ ಕೊಟ್ಟನು. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನಗಳ ನಂತರ. ಪಾಳಿಯನ್ನು ಬೇರೆಯವರಿಗೆ ವಹಿಸುವುದು, ಮನೆಗೆ ತಲುಪಿಸುವುದು, ಮೂರನೆಯ ದಿನ ಫೋನು ಮಾಡುವುದು, ಸತ್ತವರ ಹೆಸರನ್ನು ಹೇಳಿ ಚಿಕ್ಕದೊಂದು ಪ್ರಾರ್ಥನೆ ನಡೆಸುವುದು, ಬರಲೊಲ್ಲದವರನ್ನು ಒತ್ತಾಯಿಸದಿರುವುದು: ಇಷ್ಟು ಸಾಕು. ಸ್ವತಃ ಬೀದಿಯಲ್ಲಿ ಬದುಕಿದ್ದು ಈಗ ಸಿಬ್ಬಂದಿಯಾಗಿರುವವರಿಗೆ ಅಂಥ ಸಾವು ತಮ್ಮವರ ಸಾವೇ ಆಗಿರುತ್ತದೆಂಬುದನ್ನು ಮರೆಯಬಾರದು.

ಇದೆಲ್ಲ ದೂರದೇಶಗಳ ಮಾತೆಂದು ಕೈಬಿಡುವಂತಿಲ್ಲ. 1993ರಲ್ಲಿ ಚೆನ್ನೈನಲ್ಲಿ ಆರಂಭವಾದ ‘ದಿ ಬ್ಯಾನಿಯನ್’ ಸಂಸ್ಥೆಯು 2015ರಿಂದ ‘ಹೋಮ್ ಅಗೇನ್’ ಎಂಬ ಯೋಜನೆಯಡಿ, ಮಾನಸಿಕ ಅಸ್ವಸ್ಥತೆಯಿಂದ ಬೀದಿಪಾಲಾಗಿ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಉಳಿದವರಿಗೆ, ನಾಲ್ಕೈದು ಮಂದಿಗೊಂದರಂತೆ, ಊರುಕೇರಿಗಳ ನಡುವೆ ಬಾಡಿಗೆ ಮನೆಗಳನ್ನು ಒದಗಿಸುತ್ತಿದೆ. ಅಲ್ಲಿ ನೆರವಾಗುವವರಲ್ಲಿ ಅನೇಕರು ವೃತ್ತಿಪರ ಪದವಿಯಿಲ್ಲದ ಸ್ಥಳೀಯ ಹೆಂಗಸರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೆಯ ಪ್ರಕರಣವು, ಕುಟುಂಬವಿಲ್ಲವೆಂಬ ಅಥವಾ ಮನೆಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಚಿಕಿತ್ಸಾಲಯದಲ್ಲಿ ಉಳಿಸಬಾರದೆಂದು ಹೇಳುತ್ತದೆ. ಆದುದರಿಂದ ಇಂಥ ಮನೆಗಳ ಬೇಡಿಕೆ ಕರ್ನಾಟಕದಲ್ಲಿಯೂ ಹೆಚ್ಚಲಿದೆ. ಕಟ್ಟಡಗಳೂ ಜಾಗವೂ ಇರುವ ಸಭೆಗಳ ಬಾಗಿಲನ್ನು ಯಾರಾದರೂ ತಟ್ಟುತ್ತಾರೆ. ಆಗ ಸಮಿತಿಯಲ್ಲಿ ಕುಳಿತಿರುವ ಸಭಾಪಾಲಕರು ಎಷ್ಟು ಹಾಸಿಗೆ, ಎಷ್ಟು ಖರ್ಚು ಎಂದು ಕೇಳುವುದು ಸಹಜ. ರಾತ್ರಿಪಾಳಿಯಲ್ಲಿ ಎಷ್ಟು ಜನ, ಅವರ ಸಂಬಳವೆಷ್ಟು, ಅವರೊಡನೆ ಕುಳಿತುಕೊಳ್ಳುವವರು ಯಾರು, ಆ ಗಂಟೆಗೆ ಆಯವ್ಯಯದಲ್ಲಿ ಹಣವಿದೆಯೇ ಎಂಬ ಪ್ರಶ್ನೆಗಳನ್ನೂ ಅದೇ ಸಭೆಯಲ್ಲಿ ಕೇಳಿ, ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು.