ಪೆರಂಬೂರಿನಲ್ಲಿ ಬಾಡಿಗೆ ಮನೆ: ಮಾಲೀಕರ ಅಂಜಿಕೆ ಅರಿತು ಕೇಳುವ ಬಗೆ

ಪೆರಂಬೂರು ಚೆನ್ನೈನ ರೈಲ್ವೆ ಬಡಾವಣೆ. 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, ಅದಕ್ಕಿಂತ ಹಳೆಯ ಕ್ಯಾರೇಜ್ ಮತ್ತು ಲೋಕೋ ಕಾರ್ಯಾಗಾರಗಳು, 1975ರಲ್ಲಿ ಡಾ. ಕೆ. ಎಂ. ಚೆರಿಯನ್ ದೇಶದ ಮೊದಲ ಯಶಸ್ವಿ ಹೃದಯ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಸಿದ ರೈಲ್ವೆ ಆಸ್ಪತ್ರೆ, ಎಲ್ಲವೂ ಇದರ ಆಸುಪಾಸಿನಲ್ಲೇ ಇವೆ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಿಂದ ವರ್ಗವಾಗಿ ಬರುವ ನೌಕರರಿಗೆ ಕ್ವಾರ್ಟರ್ಸ್ ಸಿಗುವ ತನಕ ಹೊರಗೊಂದು ಮನೆ ಬೇಕಾಗುತ್ತದೆ. ಚಿಕಿತ್ಸೆಗೆ ಬಂದವರ ಮನೆಮಂದಿಗೂ ಬೇಕಾಗುತ್ತದೆ. ಪೇಪರ್ ಮಿಲ್ಸ್ ರಸ್ತೆ, ಜವಾಹರ್ ನಗರ, ಸೆಂಬಿಯಂ ಕಡೆಯ ಓಣಿಗಳಲ್ಲಿ ಮಾಲೀಕರೇ ಕೆಳಗೆ ವಾಸವಿದ್ದು, ಮೇಲಿನ ಪೋರ್ಷನ್ ಬಾಡಿಗೆಗೆ ಬಿಡುವ ಮನೆಗಳು ಬಹಳ. ಇಂಥ ಮನೆ ಬೇಕೆನ್ನುವವರು ಸಾಮಾನ್ಯವಾಗಿ ದುಡ್ಡಿನ ಲೆಕ್ಕದಲ್ಲೇ ಯೋಚಿಸುತ್ತಾರೆ: ಸಾವಿರ ರೂಪಾಯಿ ಹೆಚ್ಚಿಗೆ ಹೇಳಿದರೆ ಸಿಕ್ಕೀತು, ಅಡ್ವಾನ್ಸ್ ಜಾಸ್ತಿ ಕೊಟ್ಟರೆ ಒಪ್ಪಿಯಾರು ಎಂದು. ಅದು ಅರ್ಧ ಲೆಕ್ಕ. ಒಂದೇ ಮನೆಗೆ ನಾಲ್ಕು ಜನ ಬಂದಾಗ ಮಾಲೀಕರು ಆರಿಸಿಕೊಳ್ಳುವುದು ಹೆಚ್ಚು ಕೊಡುವವರನ್ನಲ್ಲ, ತಮಗೆ ಕಡಿಮೆ ಅಂಜಿಕೆ ಹುಟ್ಟಿಸಿದವರನ್ನು.

ಈ ಅಂಜಿಕೆ ಎರಡು ಬಗೆಯದು. ಬಾಡಿಗೆ ನಿಂತುಹೋದರೇನು, ಬಿಡಿ ಎಂದಾಗ ಬಿಡದಿದ್ದರೇನು? ಇವು ಮಾಲೀಕರ ಬರೀ ಸಂಶಯಗಳಲ್ಲ, ಹಿಂದೆ ಕಂಡ ಅನುಭವ. ತಮಿಳುನಾಡಿನ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಕೊಟ್ಟಿತ್ತು. ತಿಂಗಳಿಗೆ 400 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ಅದರಿಂದ ಹೊರಗಿಟ್ಟಿದ್ದ ವಿನಾಯಿತಿಯನ್ನೂ 1986ರಲ್ಲಿ, ರತನ್ ಆರ್ಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ರದ್ದುಮಾಡಿತು. ಬಡ ಬಾಡಿಗೆದಾರರನ್ನು ಬೀದಿಪಾಲಾಗದಂತೆ ಕಾಯ್ದದ್ದು ಆ ಕಾನೂನಿನ ದೊಡ್ಡ ಗುಣ. ಆದರೆ ಮನೆ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆದವರ ಕಥೆಗಳೂ ಓಣಿ ಓಣಿಯಲ್ಲಿ ಉಳಿದುಕೊಂಡವು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಬಾಡಿಗೆಗೆ ಕೊಟ್ಟರೆ ಕೈತಪ್ಪೀತೆಂಬ ಭಯ ಅದಕ್ಕಿರುವ ಕಾರಣಗಳಲ್ಲೊಂದು. ಚೆನ್ನೈಯಲ್ಲೂ ಬೆಂಗಳೂರಲ್ಲೂ ರೂಢಿಯಾದ ಹತ್ತು ತಿಂಗಳ ಅಡ್ವಾನ್ಸ್ ಇದೇ ಭಯಕ್ಕೆ ಕಟ್ಟಿದ ಬೆಲೆ. ಭಯ ಇಳಿದರೆ ಬೆಲೆಯೂ ಇಳಿಯಲು ದಾರಿಯಾಗುತ್ತದೆ.

ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2017ರ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರಲ್ಲಿ ಬಾಡಿಗೆದಾರರ ಕಣ್ಣಿಗೆ ಮೊದಲು ಬೀಳುವುದು ಮೂರು ತಿಂಗಳ ಬಾಡಿಗೆಗೆ ಮೀರಿ ಠೇವಣಿ ಕೇಳಬಾರದೆಂಬ ಮಾತು. ಇದನ್ನೇ ಹಿಡಿದು ವಾದಕ್ಕಿಳಿಯುವವರು ಸೋಲುತ್ತಾರೆ, ಏಕೆಂದರೆ ಬೇರೆ ಬಗೆಯ ಒಪ್ಪಂದವಿದ್ದರೆ ಆ ಮಿತಿ ಅನ್ವಯಿಸುವುದಿಲ್ಲವೆಂದು ಅದೇ ಕಲಮು ಹೇಳುತ್ತದೆ. ಮನೆ ಹುಡುಕುವವರಿಗೆ ನಿಜಕ್ಕೂ ನೆರವಾಗುವುದು ಇನ್ನೊಂದು ಭಾಗ. ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ಅದು ನೋಂದಣಿಯಾಗಬೇಕು; ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ಬಿಡಿಸಲು ದಾರಿಯಿದೆ; ಅವಧಿ ಮುಗಿದರೂ ಕದಲದವರು ದುಪ್ಪಟ್ಟು ಬಾಡಿಗೆಯ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಇವೆಲ್ಲ ಮಾಲೀಕರ ಪರವಾಗಿ ಕಾಣುವ ಮಾತುಗಳು. ಹಾಗೆಂದೇ ಇವನ್ನು ಬಾಡಿಗೆದಾರರೇ ಮೊದಲು ಎತ್ತಬೇಕು. “ಕರಾರು ನೋಂದಣಿ ಮಾಡಿಸೋಣ, ಓಡಾಟ ನಾನೇ ನೋಡಿಕೊಳ್ಳುತ್ತೇನೆ” ಎನ್ನುವವರು ಬಿಡಿ ಎಂದಾಗ ಬಿಡಲು ತಾವೇ ಕಟ್ಟುಬೀಳುತ್ತಿದ್ದಾರೆ. ಅದಾದ ಮೇಲೆ ಅಡ್ವಾನ್ಸನ್ನು ಹತ್ತರಿಂದ ಐದಕ್ಕೋ ಆರಕ್ಕೋ ಇಳಿಸಿ ಎಂದು ಕೇಳಿದರೆ ಅದು ಬರೀ ಚೌಕಾಶಿಯಾಗಿ ಕಾಣುವುದಿಲ್ಲ.

ಮನೆ ನೋಡಲು ಹೋಗುವಾಗಲೇ ಕಾಗದಗಳು ಕೈಯಲ್ಲಿರಲಿ: ಇತ್ತೀಚಿನ ಸಂಬಳದ ಚೀಟಿ, ವರ್ಗಾವಣೆ ಆದೇಶ ಅಥವಾ ಕಂಪನಿಯ ಪತ್ರ, ಹಿಂದಿನ ಮನೆಯ ಬಾಡಿಗೆ ತಿಂಗಳು ತಪ್ಪದೆ ಸಂದಾಯವಾದದ್ದನ್ನು ತೋರಿಸುವ ಬ್ಯಾಂಕ್ ವಿವರ, ಹಿಂದಿನ ಮಾಲೀಕರ ಒಪ್ಪಿಗೆ ಪಡೆದು ಅವರ ಫೋನ್ ನಂಬರು. ಇವುಗಳಲ್ಲಿ ಹೆಚ್ಚು ತೂಕ ಕೊನೆಯ ಎರಡಕ್ಕೆ. ಸಂಬಳ ಕೊಡುವ ಶಕ್ತಿಯನ್ನು ತೋರಿಸುತ್ತದೆ, ಕೊಟ್ಟ ದಾಖಲೆ ಕೊಡುವ ನಡತೆಯನ್ನು ತೋರಿಸುತ್ತದೆ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮಾಲೀಕರು ಪೆರಂಬೂರಿನಲ್ಲಿ ಕಡಿಮೆಯೇನಿಲ್ಲ. ಸಂಬಳದ ಚೀಟಿಯನ್ನು ಸಾಲು ಸಾಲಾಗಿ ಓದಬಲ್ಲವರು ಅವರು. ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಬೇಕೆಂದು ಚೆನ್ನೈ ಪೊಲೀಸರು 2012ರಲ್ಲಿ ಆದೇಶಿಸಿದ ಮೇಲೆ ಫೋಟೊ, ಗುರುತಿನ ಚೀಟಿ ಕೇಳುವುದೂ ವಾಡಿಕೆಯಾಗಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಟ್ಟರೆ ಗುರುತೂ ಸಿಗುತ್ತದೆ, ದುರುಪಯೋಗದ ಭಯವೂ ತಗ್ಗುತ್ತದೆ. ಎಷ್ಟು ಜನ, ಎಷ್ಟು ಗಾಡಿ, ಊರಿಂದ ಅಪ್ಪ ಅಮ್ಮ ಬಂದು ಎಷ್ಟು ದಿನ ಇರುತ್ತಾರೆ ಎಂಬ ಪ್ರಶ್ನೆಗಳಿಗೆ ಇದ್ದದ್ದನ್ನೇ ಹೇಳಬೇಕು. ಮೂವರೆಂದು ಹೇಳಿ ಐವರು ಬಂದಿಳಿದರೆ ನೀರಿನ ತಂಟೆ ಮೊದಲ ವಾರದಲ್ಲೇ ಶುರುವಾಗುತ್ತದೆ.

ಕಾನೂನು, ನೋಂದಣಿ ಎಂದರೆ ಮಾಲೀಕರು ಇನ್ನಷ್ಟು ಬೆದರುತ್ತಾರೆ ಎಂಬ ಆಕ್ಷೇಪಣೆಯಿದೆ. ಬಾಡಿಗೆ ಆದಾಯ ಲೆಕ್ಕಕ್ಕೆ ಸಿಗಬಾರದೆಂದು ಬಯಸುವವರು ಬೆದರುವುದು ನಿಜ. ಆದರೆ ಅಂಥವರ ಮನೆಯಲ್ಲಿ ಲಕ್ಷಗಟ್ಟಲೆ ಅಡ್ವಾನ್ಸನ್ನು ಬಾಯಿಮಾತಿನ ಮೇಲೆ ಇಡುವುದು ಬಾಡಿಗೆದಾರರಿಗೇ ಅಪಾಯ. ಆ ಮನೆ ಕೈತಪ್ಪಿದ್ದನ್ನು ನಷ್ಟವೆಂದು ಎಣಿಸಬೇಕಿಲ್ಲ. ಇದಕ್ಕಿಂತ ಭಾರವಾದ ಆಕ್ಷೇಪಣೆ ಇನ್ನೊಂದಿದೆ: ಹೆಸರು ಕೇಳಿದೊಡನೆ ಬಾಗಿಲು ಮುಚ್ಚುವವರ ಮುಂದೆ ಯಾವ ಕಾಗದ ನಡೆದೀತು? ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಸುತ್ತಲಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಲ್ಜಾತಿಯ ಹೆಸರಿನವರಿಗೆ ಸುಲಭವಾಗಿ ಸಿಕ್ಕ ಒಪ್ಪಿಗೆ ದಲಿತರಿಗೂ ಮುಸ್ಲಿಮರಿಗೂ ಅಷ್ಟು ಸುಲಭವಾಗಿ ಸಿಗಲಿಲ್ಲ. ಸಿಕ್ಕಲ್ಲಿಯೂ ಹಲವು ಕಡೆ ಷರತ್ತುಗಳು ಬಿಗಿಯಾದವು. ಚೆನ್ನೈಯ ಬಾಡಿಗೆ ಜಾಹೀರಾತುಗಳಲ್ಲೂ ಸಸ್ಯಾಹಾರಿಗಳಿಗೆ ಮಾತ್ರ, ಬ್ಯಾಚುಲರ್‌ಗಳಿಗೆ ಇಲ್ಲ ಎಂಬ ಸಾಲುಗಳು ಕಾಣುತ್ತವೆ. ಇಲ್ಲಿ ನನ್ನ ವಾದದ ಬಲ ಮುಗಿಯುತ್ತದೆಂದು ಒಪ್ಪಬೇಕು. ಕಾಗದ ಕಳೆಯುವುದು ಅಪರಿಚಿತರ ಬಗೆಗಿನ ಭಯವನ್ನು, ಜಾತಿಮತದ ತಿರಸ್ಕಾರವನ್ನಲ್ಲ. ಅದು ಅನ್ಯಾಯ, ಅದನ್ನು ಸರಿಪಡಿಸಬೇಕಾದದ್ದು ಶಾಸನ. ಮನೆ ಕೇಳಿಬಂದವರು ಹೆಸರನ್ನೋ ಊಟವನ್ನೋ ಮುಚ್ಚಿಟ್ಟು ಅದರ ಭಾರ ಹೊರಬೇಕಾಗಿಲ್ಲ. ಸದ್ಯಕ್ಕೆ ಕೈಲಾದದ್ದೆಂದರೆ ಸಹೋದ್ಯೋಗಿಗಳ ಮೂಲಕ, ಮೊದಲೇ ವಿಚಾರಿಸಿಕೊಂಡು ಹೋಗುವುದು. ಒಬ್ಬ ಪರಿಚಿತರ ಮಾತು ಹತ್ತು ಬಾಗಿಲುಗಳ ಅವಮಾನವನ್ನು ತಪ್ಪಿಸಬಲ್ಲದು.

ಮನೆ ಸಿಕ್ಕರೆ ಸಾಕೆಂಬ ಆತುರದಲ್ಲಿ ಮನೆಯನ್ನೇ ಪರೀಕ್ಷಿಸದೆ ಒಪ್ಪುವುದು ಯಶಸ್ಸಲ್ಲ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಪೆರಂಬೂರು, ಕೊಳತ್ತೂರು, ವ್ಯಾಸರಪಾಡಿಗಳ ಹಲವು ಬೀದಿಗಳಲ್ಲಿ ನೀರು ನಿಂತಿತು. ನೆಲಮಹಡಿಯ ಮನೆಯಾದರೆ ಆಗ ನೀರು ಎಲ್ಲಿವರೆಗೆ ಬಂದಿತ್ತೆಂದು ಪಕ್ಕದ ಅಂಗಡಿಯವರನ್ನು ಕೇಳಿ. ಕರೆಂಟಿಗೆ ಪ್ರತ್ಯೇಕ ಮೀಟರಿದೆಯೇ ನೋಡಿ: ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಮೊದಲ 100 ಯೂನಿಟ್ ಉಚಿತ, ಮಾಲೀಕರದೇ ಸಂಪರ್ಕಕ್ಕೆ ಸಬ್‌ಮೀಟರ್ ಹಾಕಿ ಯೂನಿಟ್ಟಿಗಿಷ್ಟು ಎಂದು ವಸೂಲು ಮಾಡುವ ಕಡೆ ಆ ಲಾಭ ಬಾಡಿಗೆದಾರರಿಗೆ ಮುಟ್ಟದೆ ಹೋಗಬಹುದು. ಕಾಲವನ್ನೂ ನೋಡಿ ಹುಡುಕಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಡಿ ತಿಂಗಳಲ್ಲಿ ತಮಿಳರು ಹೊಸ ಮನೆಗೆ ಹೋಗುವುದು ಕಡಿಮೆ, ನಮ್ಮ ಆಷಾಢ ಮುಗಿದ ಮೇಲೂ ಸಾಮಾನ್ಯವಾಗಿ ಅದು ನಡೆದಿರುತ್ತದೆ. ಆಗ ಖಾಲಿ ಮನೆಗೆ ಪೈಪೋಟಿ ಕಡಿಮೆ, ಮಾಲೀಕರ ಕಿವಿಯೂ ತೆರೆದಿರುತ್ತದೆ. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿಯ ಬಗ್ಗೆ ಒಳಗೆ ಹೋಗುವ ಮುನ್ನವೇ ಮಾತಾಡಿ, ಎಷ್ಟು ಎಂಬುದನ್ನೂ ಉಳಿದ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸು ಎಂಬುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ. ಗೋಡೆ, ನಲ್ಲಿ, ಫ್ಯಾನುಗಳ ಫೋಟೊಗಳನ್ನು ಬೀಗದ ಕೈ ಪಡೆದ ದಿನವೇ ತೆಗೆದು ಮಾಲೀಕರಿಗೂ ಕಳಿಸಿಡಿ.