ನಾಜಲ್ ಮಾತು ಕೇಳುವ ಮೇಸ್ತ್ರಿ

ಹಿಡಿ ಒತ್ತಿದೊಡನೆ ನಾಜಲ್ 'ಕ್ರ್‌ರ್‌ರ್' ಎಂದು ಸದ್ದು ಮಾಡಬೇಕು. ಸದ್ದಿನ ಜೊತೆಗೇ ಡೀಸೆಲ್ ಮಂಜಾಗಿ ಚಿಮ್ಮಬೇಕು. ಒತ್ತುವುದು ನಿಂತ ಕ್ಷಣ ತುದಿ ಒಣಗಿರಬೇಕು, ಒಂದು ಹನಿಯೂ ತೂಗಾಡಬಾರದು. ಚೆನ್ನೈನ ಪುದುಪೇಟೆಯ ಓಣಿಯೊಂದರಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಇಷ್ಟನ್ನು ನೋಡಿ, ಕೇಳಿಯೇ ಡೀಸೆಲ್ ಗಾಡಿಗಳ ರೋಗ ಹೇಳುತ್ತಾರೆ. ಅವರ ಊರು ತಾಳವಾಡಿ. ತಮಿಳುನಾಡಿಗೆ ಸೇರಿದರೂ ಮನೆಮಾತು ಕನ್ನಡವೇ ಆಗಿರುವ, ಚಾಮರಾಜನಗರಕ್ಕೆ ಅಂಟಿಕೊಂಡ ಸೀಮೆ ಅದು. ಹೆಸರು ಪೇಪರಿನಲ್ಲಿ ಬೇಡ ಎಂದರು. ಹಾಗಾಗಿ ಮೇಸ್ತ್ರಿ ಎಂದೇ ಬರೆಯುತ್ತೇನೆ. ಓಣಿಯವರೂ ಹಾಗೇ ಕರೆಯುವುದು.

ಮಳಿಗೆ ಎಂದರೆ ಒಂದು ಬೆಂಚು, ಒಂದು ವೈಸು, ಡೀಸೆಲ್ ತುಂಬಿದ ಎರಡು ತಟ್ಟೆ. ಬೆಂಚಿನ ಮೂಲೆಗೆ ಹ್ಯಾಂಡ್ ಟೆಸ್ಟರ್: ಪುಟ್ಟ ಡೀಸೆಲ್ ಡಬ್ಬಿ, ಉದ್ದನೆಯ ಹಿಡಿ, ದುಂಡನೆಯ ಗೇಜು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರೊಂದನ್ನು, ಹಳೆಯ ಕಾರಿನದು, ನಾಜಲ್ ಇರುವ ಮೂತಿ ಕೆಳಗೆ ಮಾಡಿ ಅದಕ್ಕೆ ಬಿಗಿದು, ಹಿಡಿಯನ್ನು ಮೆಲ್ಲಗೆ ಒತ್ತಿದರು. ಮುಳ್ಳು 120 ಬಾರ್ ದಾಟುವ ಹೊತ್ತಿಗೆ ನಾಜಲ್ ಸದ್ದಿಲ್ಲದೆ ಸುರಿಯಿತು.

"ಕೇಳುಸ್ತಾ ಸಾರ್? ಇದ್ಕೆ ಮಾತೇ ಇಲ್ಲ. ಚೆನ್ನಾಗಿರೋ ನಾಜಲ್ ಮಾತಾಡ್ತದೆ. ಇದು ಮಗು ಉಚ್ಚೆ ಹೊಯ್ದಂಗೆ ಸುರೀತದೆ ನೋಡಿ."

ನಾನು ಬಗ್ಗಿ ನೋಡಲು ಹೋದಾಗ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದರು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು ಕಂಡರೂ ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ಬೆರಳನ್ನೇ ತೆಗೆಯಬೇಕಾದೀತು. ಅಂಥದ್ದಾದರೆ ನೋವಿಲ್ಲವೆಂದು ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಮೇಸ್ತ್ರಿ ಈ ಮಾತನ್ನು ಅಂಗಡಿಗೆ ಬರುವ ಪ್ರತಿ ಹುಡುಗನಿಗೂ ಮೊದಲು ಹೇಳುತ್ತಾರಂತೆ.

ಆಮೇಲೆ ಅವರು ಮಾಡಿದ ಕೆಲಸವನ್ನು ನೋಡುವುದಕ್ಕೇ ಇಲ್ಲಿಗೆ ಬರಬೇಕು. ನಾಜಲ್ ಎಂದರೆ ಎರಡೇ ತುಂಡು: ಒಂದು ಕವಚ, ಅದರೊಳಗೆ ಒಂದು ಸೂಜಿ. ಎರಡರ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ತಿಳಿದೀತು. ಕಾರ್ಖಾನೆಯಲ್ಲಿ ಜೋಡಿಯಾಗಿ ಹೊಂದಿಸಿದ ಇವನ್ನು ಮುಂದೆಂದೂ ಅಗಲಿಸುವಂತಿಲ್ಲ. ಒಂದರ ಸೂಜಿ ಇನ್ನೊಂದರ ಕವಚಕ್ಕೆ ಆಗದು. ಮೇಸ್ತ್ರಿ ಎರಡನ್ನೂ ತಟ್ಟೆಯ ಶುದ್ಧ ಡೀಸೆಲಿನಲ್ಲಿ ಅದ್ದಿ, ಕವಚವನ್ನು ನೆಟ್ಟಗೆ ಹಿಡಿದು, ಸೂಜಿಯನ್ನು ಮೂರರಲ್ಲೊಂದು ಭಾಗ ಮೇಲಕ್ಕೆಳೆದು ಬಿಟ್ಟರು. ಅದು ಅರ್ಧಕ್ಕೇ ನಿಂತಿತು. ಇನ್ನೊಂದು ಸಲ ತೊಳೆದು, ಸೂಜಿಯನ್ನು ಚೂರು ತಿರುಗಿಸಿ ಬಿಟ್ಟರು. ಆಗಲೂ ನಿಂತಿತು. ತನ್ನ ತೂಕಕ್ಕೆ ತಾನೇ ಜಾರಿ ತಳ ಸೇರದ ಸೂಜಿಗೆ ಅವರ ಅಂಗಡಿಯಲ್ಲಿ ಮರುಜನ್ಮವಿಲ್ಲ. ಹೊಸ ನಾಜಲ್ ಹಾಕಿ, ಸ್ಪ್ರಿಂಗಿನ ಮೇಲೆ ತೆಳುವಾದ ಶಿಮ್ ಇಟ್ಟು ಒತ್ತಡ ಸರಿಹೊಂದಿಸಿ ಮತ್ತೆ ಹಿಡಿ ಒತ್ತಿದರು. ಕ್ರ್‌ರ್‌ರ್. ಮೇಸ್ತ್ರಿ ಗೇಜಿನ ಕಡೆ ನೋಡಲೂ ಇಲ್ಲ.

ಇಂಥ ಅಂಗಡಿಗಳು ಚೆನ್ನೈನಲ್ಲಿ ಬೆಳೆದದ್ದಕ್ಕೆ ಕಾರಣಗಳು ಊರಿನಲ್ಲೇ ಇವೆ. 1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಹುಟ್ಟಿದ ಕಂಪನಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು, ಎಣ್ಣೂರಿನಲ್ಲಿ ಲಾರಿ ತಯಾರಾಗತೊಡಗಿತು. ಐವತ್ತರ ದಶಕದಲ್ಲೇ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಮಾಡಿತು. 1961ರಲ್ಲಿ ಪಾಡಿಯಲ್ಲಿ ಲೂಕಾಸ್ ಟಿವಿಎಸ್ ಬಂತು. ಬಿಡಿಭಾಗಕ್ಕೆ ಜನರಲ್ ಪ್ಯಾಟರ್ಸ್ ರಸ್ತೆ, ಹಳೆಯದಕ್ಕೆ ಕೂವಂ ದಂಡೆಯ ಪುದುಪೇಟೆ. ನಮ್ಮ ಬೆಂಗಳೂರಿನ ಪಾಲೂ ಇದರಲ್ಲಿ ದೊಡ್ಡದು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ಮೈಕೋ, ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು ಕೊಟ್ಟದ್ದು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದಾಯಿತು. ಮೇಸ್ತ್ರಿಯ ಬಾಯಲ್ಲಿ ಈಗಲೂ ಮೈಕೋ ಪಂಪು, ಮೈಕೋ ನಾಜಲ್. ಕೆಲಸ ಕಲಿತ ಕಾಲದ ಕತೆ ಅವರು ಹೆಚ್ಚು ಹೇಳಲಿಲ್ಲ. ಲಾರಿ ಕ್ಲೀನರಾಗಿ ಮದರಾಸಿಗೆ ಬಂದದ್ದು, ಡೀಸೆಲ್ ಪಂಪು ರಿಪೇರಿ ಮಾಡುವ ಪಂಪ್ ರೂಮೊಂದರಲ್ಲಿ ಮೊದಲು ಬರೀ ತೊಳೆಯುವ ಕೆಲಸ ಕೊಟ್ಟದ್ದು, ಅಷ್ಟೆ.

ಆಗ ಮಿಸ್ಸಿಂಗ್ ಹೊಡೆಯುವ ಗಾಡಿಯ ಪತ್ತೆ ಸುಲಭವಿತ್ತು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರಿನ ಪೈಪ್ ನಟ್ಟು ಸಡಿಲಿಸುವುದು. ಯಾವುದನ್ನು ಸಡಿಲಿಸಿದರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟದ್ದು. ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಗಾಡಿಯಲ್ಲಿ ಹೀಗೆ ಮಾಡಿದರೆ ಪ್ರಾಣಕ್ಕೇ ಅಪಾಯ. ಅಲ್ಲಿನ ಒತ್ತಡ 1,600 ಬಾರ್ ಮುಟ್ಟುತ್ತದೆ, ಹೊಸ ಗಾಡಿಗಳಲ್ಲಿ ಇನ್ನೂ ಮೇಲೆ.

ಕಾಮನ್ ರೈಲ್ ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದದ್ದೂ ಚೆನ್ನೈ ಕಡೆಯಿಂದಲೇ. ಶ್ರೀಪೆರಂಬದೂರು ಬಳಿಯ ಹ್ಯುಂಡೈ ಕಾರ್ಖಾನೆಯಿಂದ 2002ರಲ್ಲಿ ಬಂದ ಆಕ್ಸೆಂಟ್ ಸಿಆರ್‌ಡಿಐ ಈ ಬಗೆಯ ಮೊದಮೊದಲ ಕಾರುಗಳಲ್ಲೊಂದು. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2014ರ ಅಕ್ಟೋಬರಿನಲ್ಲಿ ತಪ್ಪುವವರೆಗೂ ಪೆಟ್ರೋಲಿಗಿಂತ ಅದು ಎಷ್ಟೋ ಅಗ್ಗವಿತ್ತು, ಜನ ಡೀಸೆಲ್ ಕಾರನ್ನೇ ಹುಡುಕಿಕೊಂಡು ಹೋದರು. ಆಗ ಕೊಂಡ ಕಾರುಗಳಿಗೆ ಈಗ ವಯಸ್ಸಾಗಿದೆ. ಪುದುಪೇಟೆಗೆ ಬರುತ್ತಿರುವುದು ಅವೇ.

ಅವುಗಳ ಇಂಜೆಕ್ಟರಿಗೆ ಹ್ಯಾಂಡ್ ಟೆಸ್ಟರಿನಲ್ಲಿ ದನಿ ಹೊರಡುವುದಿಲ್ಲ. ತೆರೆಯುವುದು, ಮುಚ್ಚುವುದು ಎಲ್ಲವೂ ಕರೆಂಟಿನ ಅಪ್ಪಣೆ. ಒಳಗೆ ಸಾಸಿವೆಗಿಂತ ಸಣ್ಣ ಗುಂಡೊಂದು ಪುಟ್ಟ ತೂತನ್ನು ಮುಚ್ಚಿ ಕೂತಿರುತ್ತದೆ. ಅದರ ಪೀಠ ಸವೆದರೆ ಡೀಸೆಲ್ ಸಿಲಿಂಡರಿಗೆ ಹೋಗುವ ಬದಲು ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೆ ಹರಿದುಬಿಡುತ್ತದೆ. ಸ್ಟಾರ್ಟ್ ಆಗಲು ರೈಲಿನಲ್ಲಿ ಸುಮಾರು 200 ಬಾರ್ ಆದರೂ ಒತ್ತಡ ಏರಬೇಕು, ಅಷ್ಟು ಏರುವುದಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟಾಗುವ ಗಾಡಿ, ಬಿಸಿಯಾಗಿ ಡೀಸೆಲ್ ತೆಳುವಾದ ಮೇಲೆ ಮೊಂಡು ಹಿಡಿಯುವುದು ಇದರಿಂದ. ಚೆನ್ನೈನ ಮೇ ತಿಂಗಳಲ್ಲಿ ಕೇಳಬೇಕೆ?

ನಾನಿದ್ದ ದಿನ ಅಂಥದ್ದೇ ಒಂದು ಕಾರು ಬಂತು. ಯಜಮಾನರು ಹಾಸನ ಕಡೆಯವರು, ಅಡಯಾರಿನಲ್ಲಿ ಮನೆ. ಬೇರೊಂದು ಕಡೆ ನಾಲ್ಕೂ ಇಂಜೆಕ್ಟರ್ ಬದಲಿಸಲೇಬೇಕೆಂದು ಹೇಳಿದ್ದರಂತೆ. ಹೊಸದಾದರೆ ಒಂದೊಂದೇ ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಕಾರಿನ ಬೆಲೆಯ ಮುಂದೆ ಅದು ಸಣ್ಣ ಮೊತ್ತವಲ್ಲ. ಮೇಸ್ತ್ರಿ ನಾಲ್ಕೂ ರಿಟರ್ನ್ ಬಾಯಿಗೆ ಪಾರದರ್ಶಕ ಪೈಪು ಸಿಕ್ಕಿಸಿ ನಾಲ್ಕು ಬಾಟಲಿಗೆ ಇಳಿಬಿಟ್ಟರು. ಎಂಜಿನ್ ಓಡಿಸಿದರು. ಮೂರು ಬಾಟಲಿಯಲ್ಲಿ ತಳ ಮುಚ್ಚುವಷ್ಟು ಡೀಸೆಲ್, ಮೂರನೇ ಸಿಲಿಂಡರಿನ ಬಾಟಲಿ ಅರ್ಧ ತುಂಬಿತ್ತು.

"ಒಂದ್ನೇ ಬಿಚ್ಚುಮ ಸಾರ್. ಉಳಿದ ಮೂರರ ತಂಟೆ ಯಾಕೆ?"

ಬಿಚ್ಚಿದ ಇಂಜೆಕ್ಟರನ್ನು ಕಂಪ್ಯೂಟರ್ ಬೆಂಚಿರುವ ಪಕ್ಕದ ಬೀದಿಯ ಅಂಗಡಿಗೆ ಕಳಿಸಿದರು. ಹಲವು ಲಕ್ಷ ರೂಪಾಯಿಯ ಆ ಯಂತ್ರ ಅವರ ಕೈಗೆಟುಕದು. ವಾಪಸು ಕೂರಿಸುವಾಗ ಹೊಸ ತಾಮ್ರದ ವಾಷರ್, ಕೆರೆದು ಶುಚಿ ಮಾಡಿದ ಪೀಠ. ವಾಷರ್ ಸೋರಿದರೆ ಚುಫ್ ಚುಫ್ ಸದ್ದು, ಸುತ್ತ ಟಾರಿನಂಥ ಕಪ್ಪು ಮಡ್ಡಿ. ಆಮೇಲೆ ಇಂಜೆಕ್ಟರನ್ನು ಎಬ್ಬಿಸುವುದೇ ಕಷ್ಟ. ಹೊಸ ಇಂಜೆಕ್ಟರಾದರೆ ಅದರ ತಲೆಯ ಮೇಲಿರುವ ಕೋಡನ್ನು ಸ್ಕ್ಯಾನರಿನಿಂದ ಕಾರಿನ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ತುಂಬಬೇಕು. ಇದನ್ನು ಬಿಟ್ಟು ಹೊಗೆ, ನಡುಕ ಎಂದು ಒದ್ದಾಡುವವರು ಬಹಳ.

ಇಂಜೆಕ್ಟರಿಗೆ ದೊಡ್ಡ ಶತ್ರು ನೀರು. 2015ರ ಡಿಸೆಂಬರಿನ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಎರಡರಲ್ಲೂ ಚೆನ್ನೈನ ಬೀದಿಗಳಲ್ಲಿ ಕಾರುಗಳು ಮುಳುಗಿ ನಿಂತವು. ಟ್ಯಾಂಕಿಗೆ ನೀರು ಸೇರಿದ ಗಾಡಿಯನ್ನು ಸ್ಟಾರ್ಟ್ ಮಾಡಿದರೆ ಪಂಪು, ಇಂಜೆಕ್ಟರು ಎರಡೂ ಹೋದಂತೆ. ಡೀಸೆಲ್ಲೇ ಅವುಗಳಿಗೆ ಗ್ರೀಸು, ಆಯಿಲ್ಲು ಎಲ್ಲ. ನೀರಿಗೆ ಆ ಜಾರುಗುಣವಿಲ್ಲ, ಮೇಲೆ ತುಕ್ಕು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಸಿಯುವ ತಿರುಪು ಇರುತ್ತದೆಂದು ಎಷ್ಟು ಮಾಲೀಕರಿಗೆ ಗೊತ್ತು?

ನನಗೆ ಬೇಸರ ತರಿಸುವ ಸಂಗತಿ ಬೇರೆ. ಕಾಮನ್ ರೈಲ್ ಇಂಜೆಕ್ಟರಿನ ಒಳಭಾಗಗಳನ್ನೂ ಪರೀಕ್ಷೆಯ ಅಳತೆಗಳನ್ನೂ ಸಣ್ಣ ಅಂಗಡಿಗಳಿಗೆ ಧಾರಾಳವಾಗಿ ಕೊಟ್ಟಿದ್ದರೆ ಇಂಥ ಮೇಸ್ತ್ರಿಗಳು ಹೊಸ ವಿದ್ಯೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತಿದ್ದರು. ಬದಲಿಗೆ 'ಸೆಟ್ಟನ್ನೇ ಬದಲಿಸಿ' ಎನ್ನುವುದು ರೂಢಿಯಾಯಿತು. ಡೀಸೆಲ್ ಕಾರುಗಳ ಕಾಲವೂ ಮುಗಿಯುತ್ತಿದೆ. 2020ರ ಏಪ್ರಿಲಿನಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ದೆಹಲಿ ಸೀಮೆಯಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಮಿತಿ ಹೇರಿದರು. ಚೆನ್ನೈನಲ್ಲಿ, ನಮ್ಮಲ್ಲಿ, ಹದಿನೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ಮುಂದೆ ಓಡಿಸಬಹುದು. ಹಾಗೆ ಓಡಿಸುವವರಲ್ಲಿ ಹೆಚ್ಚಿನವರು ಹೊಸ ಕಾರು ಕೊಳ್ಳಲಾಗದವರು. ಅವರ ಗಾಡಿ ಹೊಗೆ ಕಾರದೆ ಓಡಬೇಕಾದರೆ ನಾಜಲ್ ಸರಿ ಇರಬೇಕು, ನಾಜಲ್ ಸರಿ ಇರಬೇಕಾದರೆ ಅದನ್ನು ಬಲ್ಲವರು ಉಳಿಯಬೇಕು.

ಮೇಸ್ತ್ರಿಯ ಬಳಿ ಈಗ ಕಲಿಯುವ ಹುಡುಗರು ಯಾರೂ ಇಲ್ಲ. ನಮ್ಮ ಐಟಿಐಗಳಲ್ಲಿ 'ಮೆಕ್ಯಾನಿಕ್ ಡೀಸೆಲ್' ಎಂಬ ಒಂದು ವರ್ಷದ ಕೋರ್ಸು ಇದೆ. ಚೆನ್ನೈನಲ್ಲಾಗಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಾಗಲಿ, ಇಂಥ ಪಂಪ್ ರೂಮುಗಳು ಬಾಗಿಲು ಹಾಕುವ ಮೊದಲು ಆ ವಿದ್ಯಾರ್ಥಿಗಳನ್ನು ಒಂದು ತಿಂಗಳಾದರೂ ಇವರ ಬೆಂಚಿನ ಪಕ್ಕ ಕೂರಿಸಬೇಕು. ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರಲ್ಲಿ ಕೇಳುವುದು ಇಷ್ಟೆ: ಇಂಜೆಕ್ಟರ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ದುಡ್ಡು ಬಿಚ್ಚುವ ಮೊದಲು ಬಾಟಲಿ ಇಟ್ಟು ರಿಟರ್ನ್ ಟೆಸ್ಟ್ ಮಾಡಿ ತೋರಿಸಿ ಎನ್ನಿ.