ಕಾರ್ಬೈನಿಗೆ ಯಾವ ಗುಂಡು?

ಎನ್.ಸಿ.ಸಿ. ಶಿಬಿರಕ್ಕೆ ಹೋಗಿ ಬಂದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಪಾಯಿಂಟ್ ಟೂ ಟೂ ರೈಫಲಿನಿಂದ ಗುರಿ ಹೊಡೆದಿರಬಹುದು. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿಯೂ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿಯೂ ಬಳಸುವುದು ಇದೇ ಅಳತೆಯ ಕಾಡತೂಸನ್ನು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಪಿಸ್ತೂಲಿನಿಂದ ಬೆಳ್ಳಿ ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ರೈಫಲಿನಿಂದ ಕಂಚು ಗೆದ್ದರು. ಆಯುಧ ಬೇರೆ, ಕಾಡತೂಸಿನ ಜಾತಿ ಒಂದೇ. ಆದರೆ ಈ ಪುಟ್ಟ ಕಾಡತೂಸು ಒಂದು ಅಪವಾದ. ಅದಕ್ಕಿಂತ ದೊಡ್ಡ ಅಳತೆಗಳಲ್ಲಿ ಪಿಸ್ತೂಲಿನದೇ ಒಂದು ಕುಲ, ರೈಫಲಿನದೇ ಇನ್ನೊಂದು. ಇವೆರಡರ ನಡುವೆ ಆರಿಸಿಕೊಳ್ಳಬೇಕಾದ ಪ್ರಸಂಗ ಬರುವುದು ಕಾರ್ಬೈನ್ ಎಂಬ ಗಿಡ್ಡ ನಳಿಗೆಯ ಕೋವಿಯಲ್ಲಿ.

ಇದು ಬಹುಮಟ್ಟಿಗೆ ಅಮೆರಿಕದ ಪ್ರಶ್ನೆ, ಹಳೆಯ ಪ್ರಶ್ನೆಯೂ ಹೌದು. ಅಲ್ಲಿ 1873ರ ವಿಂಚೆಸ್ಟರ್ ಕೋವಿಗೆಂದು ಪಾಯಿಂಟ್ 44-40 ಎಂಬ ಕಾಡತೂಸು ಬಂತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ಕಾಡತೂಸನ್ನು ಹಾರಿಸುವ ರಿವಾಲ್ವರನ್ನು ಮಾರತೊಡಗಿತು. ಕುದುರೆಯ ಮೇಲೆ ದೂರ ಹೋಗುವವನಿಗೆ ಒಂದೇ ಬಗೆಯ ಮದ್ದುಗುಂಡು ಎರಡಕ್ಕೂ ಸಾಕಾಯಿತು. ಆದರೆ ಹೊಗೆರಹಿತ ಮದ್ದು ಬಂದ ಮೇಲೆ, 1895ರಲ್ಲಿ, ವಿಂಚೆಸ್ಟರಿನ 1894ರ ಮಾದರಿಗೆ 30-30 ಎಂಬ ನಿಜವಾದ ರೈಫಲ್ ಕಾಡತೂಸು ದೊರೆಯಿತು. ಜಿಂಕೆಯ ಬೇಟೆಗಾರರು ಅದರತ್ತ ತಿರುಗಿದರು.

ಈಗ ಇಂದಿನ ಎರಡು ಕಾಡತೂಸುಗಳನ್ನು ತೆಗೆದುಕೊಳ್ಳೋಣ. 9 ಮಿಲಿಮೀಟರ್ ಪಿಸ್ತೂಲು ಗುಂಡಿನ ತೂಕ ಸುಮಾರು 8 ಗ್ರಾಂ. ಪಾಯಿಂಟ್ 223 ರೈಫಲ್ ಗುಂಡಿನದು ಬರೀ 3.6 ಗ್ರಾಂ. ಭಾರವಾದದ್ದೇ ಬಲವಾದದ್ದು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಚಲನಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗವಿದೆಯಲ್ಲವೆ? 16 ಅಂಗುಲದ ನಳಿಗೆಯಿಂದ 9 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 640 ಜೂಲ್. ಅಷ್ಟೇ ಉದ್ದದ ನಳಿಗೆಯಿಂದ 223ರ ಗುಂಡು ಸುಮಾರು 950 ಮೀಟರ್ ವೇಗದಲ್ಲಿ ಹೊರಟರೆ 1600 ಜೂಲ್ ದಾಟುತ್ತದೆ.

ನಳಿಗೆ ಒಂದೇ ಉದ್ದವಿದ್ದರೂ ಇಷ್ಟು ಅಂತರವೇಕೆ? ಗುಟ್ಟಿರುವುದು ಮದ್ದಿನಲ್ಲಿ. ಪಿಸ್ತೂಲಿನ ನಳಿಗೆ ಅಂಗೈಯಷ್ಟು. ಅಷ್ಟರೊಳಗೆ ಉರಿದು ಮುಗಿಯಲೆಂದು ಅದರ ಕಾಡತೂಸಿನಲ್ಲಿ ಬೇಗ ಉರಿಯುವ ಮದ್ದನ್ನು ಅರ್ಧ ಗ್ರಾಮಿಗಿಂತ ಕಡಿಮೆ ತುಂಬುತ್ತಾರೆ. ಅದನ್ನು ಉದ್ದ ನಳಿಗೆಯಲ್ಲಿ ಹಾರಿಸಿದಾಗ ಅನಿಲದ ನೂಕುಬಲ ಬೇಗ ಇಳಿದುಹೋಗುತ್ತದೆ. ಆದ್ದರಿಂದ ಸಿಗುವ ಲಾಭ ಸೆಕೆಂಡಿಗೆ ಐವತ್ತು ಮೀಟರಿನ ಆಸುಪಾಸು ಮಾತ್ರ. ರೈಫಲಿನ ಕಾಡತೂಸಿನಲ್ಲಿ ಒಂದೂವರೆ ಗ್ರಾಮಿನಷ್ಟು ನಿಧಾನವಾಗಿ ಉರಿಯುವ ಮದ್ದಿರುತ್ತದೆ. ಅದು ನಳಿಗೆಯ ಉದ್ದಕ್ಕೂ ಗುಂಡನ್ನು ತಳ್ಳುತ್ತಲೇ ಇರುತ್ತದೆ. ಅದೇ ಕಾಡತೂಸಿಗೆ ತೀರ ಗಿಡ್ಡ ನಳಿಗೆ ಕೊಟ್ಟರೆ ಮದ್ದಿನ ಒಂದು ಪಾಲು ಹೊರಗೆ ಬೆಂಕಿಯಾಗಿ, ಕಿವಿಗಡಚಿಕ್ಕುವ ಸದ್ದಾಗಿ ವ್ಯರ್ಥವಾಗುತ್ತದೆ.

ದೂರ ಹೆಚ್ಚಿದಂತೆ ವ್ಯತ್ಯಾಸ ಇನ್ನೂ ಸ್ಪಷ್ಟ. ಹಾರುತ್ತಿರುವ ಗುಂಡೂ ಕೈಬಿಟ್ಟ ಕಲ್ಲಿನ ಹಾಗೆಯೇ ಭೂಮಿಯತ್ತ ಬೀಳುತ್ತಿರುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದರೆ 9 ಮಿ.ಮೀ. ಗುಂಡಿಗೆ 100 ಮೀಟರ್ ಕ್ರಮಿಸಲು 0.29 ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಅದು ನಳಿಗೆಯ ರೇಖೆಯಿಂದ ಸುಮಾರು 40 ಸೆಂಟಿಮೀಟರ್ ಇಳಿದಿರುತ್ತದೆ. 223ರ ಗುಂಡು 0.11 ಸೆಕೆಂಡಿನಲ್ಲಿ ತಲಪುತ್ತದೆ, ಇಳಿಯುವುದು 6 ಸೆಂ.ಮೀ. 200 ಮೀಟರಿಗೆ ಮೊದಲನೆಯದರ ಇಳಿತ ಸುಮಾರು ಎರಡು ಮೀಟರ್, ಎತ್ತರದ ಮನುಷ್ಯನಷ್ಟು!

ಹಾಗಿದ್ದೂ ಪಿಸ್ತೂಲಿನ ಕಾಡತೂಸನ್ನು ಕಾರ್ಬೈನಿಗೆ ಆರಿಸುವವರು ದಡ್ಡರಲ್ಲ. ಅಲ್ಲಿಯ ಅನೇಕ ಕ್ಲಬ್ಬುಗಳಲ್ಲಿ ಉಕ್ಕಿನ ಫಲಕಗಳಿಗೆ ಗುರಿಯಿಡುವ ಸ್ಪರ್ಧೆಗಳಿವೆ, ದೂರ ಹತ್ತಿಪ್ಪತ್ತು ಮೀಟರ್. ಅಷ್ಟು ಹತ್ತಿರದಿಂದ ರೈಫಲ್ ಗುಂಡು ಬಡಿದರೆ ಉಕ್ಕಿನಲ್ಲಿ ಗುಳಿ ಬೀಳುತ್ತದೆ. ಮುಂದಿನ ಗುಂಡಿನ ಚೂರುಗಳು ಆ ಗುಳಿಯ ಅಂಚಿನಿಂದ ಹೊಡೆದವನತ್ತಲೇ ಸಿಡಿಯಬಹುದು. ಆದ್ದರಿಂದ ಅಲ್ಲಿ ರೈಫಲಿಗೆ ಪ್ರವೇಶವಿಲ್ಲ. ಗುರಿ ತಪ್ಪಿದ ಗುಂಡಿನ ಮಾತೂ ಇದೆ. ಪಾಯಿಂಟ್ ಟೂ ಟೂ ಗುಂಡೇ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು. ರೈಫಲ್ ಗುಂಡು ಅದಕ್ಕಿಂತ ಬಹಳ ದೂರ. ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದಿದ್ದರೆ ಎರಡೂ ಕೂಡದು.

ಒಂದು ವಿಚಿತ್ರವನ್ನೂ ಹೇಳಬೇಕು. 9 ಮಿ.ಮೀ.ಯ ಒತ್ತಡ ಕಡಿಮೆಯಾದ್ದರಿಂದ ಅನೇಕ ಕಾರ್ಬೈನುಗಳಲ್ಲಿ ಕೋವಿಯ ಬಾಗಿಲಿಗೆ, ಎಂದರೆ ಬೋಲ್ಟಿಗೆ, ಚಿಲಕವಿರುವುದಿಲ್ಲ; ಅದರ ತೂಕವೇ ತಡೆ. ಆ ಭಾರವಾದ ಲೋಹದ ತುಂಡು ಹಿಂದಕ್ಕೆ ಬಂದು ಬಡಿಯುವುದರಿಂದ, ಚಿಲಕವಿರುವ 223ಕ್ಕಿಂತ ಇದೇ ಭುಜಕ್ಕೆ ಹೆಚ್ಚು ಒರಟೆನಿಸುವುದುಂಟು. ನನ್ನನ್ನು ಕೇಳಿದರೆ, 50 ಮೀಟರಿನೊಳಗಿನ ಉಕ್ಕಿನ ಆಟಕ್ಕೆ ಪಿಸ್ತೂಲಿನದು, 100 ಮೀಟರ್ ದಾಟಿದರೆ ರೈಫಲಿನದು.

ನಮ್ಮ ದೇಶದಲ್ಲಿ ಈ ಆಯ್ಕೆ ಹೀಗೆ ಎದುರಾಗುವುದಿಲ್ಲ. ಕೊಡವರಿಗಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ 1959ರ ಆಯುಧ ಕಾಯಿದೆಯಂತೆ ಕೋವಿಗೆ ಪರವಾನಗಿ ಬೇಕು, 9 ಮಿ.ಮೀ. ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಲೆಕ್ಕಕ್ಕೆ ಮಾತ್ರ ಪರವಾನಗಿ ಬೇಡ. ಮೊದಲ 50 ಮೀಟರಿನಲ್ಲಿ 9 ಮಿ.ಮೀ. ಗುಂಡಿನ ಸರಾಸರಿ ವೇಗ 375 ಮೀಟರ್, 223ರದು 925 ಮೀಟರ್ ಎಂದು ಹಿಡಿದು ಎರಡೂ ಎಷ್ಟೆಷ್ಟು ಇಳಿಯುತ್ತವೆಂದು ಕಂಡುಹಿಡಿಯಿರಿ. ಉತ್ತರ ಕ್ರಮವಾಗಿ 9 ಸೆಂ.ಮೀ. ಮತ್ತು ಒಂದೂವರೆ ಸೆಂ.ಮೀ. ಸಮೀಪ ಬರಬೇಕು.